ಮೂರು ಬೆರಳಿನ ಮಡಿಕೆ

ಜೂನ್ 14

ಸೊಸೆಗೆ,

ನಾನು ನಿನ್ನ ಅತ್ತೆ, ಈ ಮನೆಯ ಯಜಮಾನಿ. ಮನೆಯ ಕೆಳಗಿನ ಹೊಲಿಗೆ ಅಂಗಡಿಯೂ ನನ್ನದು. ಮೂವತ್ತೆಂಟು ವರ್ಷದಿಂದ ಈ ಊರಿನ ಆರು ಶಾಲೆಗಳ ಮಕ್ಕಳು ನಾನು ಕತ್ತರಿಸಿದ ಸಮವಸ್ತ್ರ ಹಾಕಿಕೊಂಡು ಓದಿದ್ದಾರೆ. ಇವತ್ತು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ಕೂತವನು, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವಳು, ಇಬ್ಬರ ಚಿಕ್ಕಂದಿನ ಸೊಂಟದ ಅಳತೆಯೂ ನನಗೆ ಗೊತ್ತು. ಅದಕ್ಕೇ ಇಬ್ಬರೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ.

ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ಬಸ್ಸು ಹತ್ತುವಾಗ ‘ಯೋಚನೆ ಮಾಡಬೇಡಿ ಅತ್ತೆ, ಒಂದೇ ವರ್ಷ’ ಎಂದು ನನ್ನ ಭುಜ ತಟ್ಟಿದೆಯಲ್ಲ, ಆಗ ಮರೆತಂತೆ ಕಂಡಿತು. ನನ್ನ ಭುಜವನ್ನು ಯಾರೂ ತಟ್ಟಿಲ್ಲ. ನಿನ್ನ ಮಾವನವರೂ ತಟ್ಟಿರಲಿಲ್ಲ.

ಮೊನ್ನೆ ಫೋನ್ ಮಾಡಿದೆಯಂತೆ. ಕೆಳಗೆ ಏಳು ಮೆಷಿನ್ ಓಡುವಾಗ ‘ಹಲೋ, ಹಲೋ’ ಎಂದು ಕಿರುಚುವ ವಯಸ್ಸು ನನ್ನದಲ್ಲ. ಕಾಗದ ಬರೆ. ಕಾಗದದಲ್ಲಿ ಸುಳ್ಳು ಹೇಳುವುದು ಕಷ್ಟ, ಬರೆದದ್ದು ಉಳಿಯುತ್ತದೆ.

ನೀನು ಎಲ್ಲಿಗೆ ಹೋದೆ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಹೊರದೇಶದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಎಂದರೆ ‘ಸಂಬಳ ಎಷ್ಟು?’ ಎನ್ನುತ್ತಾರೆ. ಸಂಬಳವಿಲ್ಲ, ಸ್ವಯಂಸೇವೆ ಎಂದರೆ ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ. ಆಟ ಆಡಿಸಿ ಹಾಡು ಹೇಳಿಸಿ ಕಲಿಸುತ್ತಾಳೆ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ನಾನು ಹೈಸ್ಕೂಲು ಮುಗಿಸಿದವಳು. ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಮೂರು ವರ್ಷದಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಆದರೂ ನಾನು ಪಾಸಾದೆ.

ನನ್ನ ಮಗ ಹೋಗಿ ಆರು ವರ್ಷ. ಬೆಳಿಗ್ಗೆ ಶಾಲೆಯಲ್ಲಿ ಪಾಠ, ಮಧ್ಯಾಹ್ನದ ಮೇಲೆ ಅಂಗಡಿ ಎಂದು ಆರು ವರ್ಷವೂ ನೀನು ದುಡಿದದ್ದನ್ನು ನಾನು ನೋಡಿದ್ದೇನೆ. ನನ್ನ ನಂತರ ಕತ್ತರಿ ನಿನ್ನ ಕೈಗೇ ಎಂದು, ಮನೆಗೆ ಬಂದವರು ಅತ್ತು ಮುಗಿಸುವ ಮೊದಲೇ ಹೇಳಿದ್ದೆ. ಆ ಮಾತು ಬದಲಾಗಿಲ್ಲ. ಮುಂದಿನ ಮೇ ತಿಂಗಳೊಳಗೆ ಬಂದುಬಿಡು. ಶಾಲೆ ತೆರೆಯುವ ಹೊತ್ತಿನ ಗಲಾಟೆ ನೀನಿಲ್ಲದೆ ಇನ್ನೊಂದು ಸಲ ನನ್ನಿಂದಾಗದು. ಕತ್ತರಿಸುವ ಮೇಜನ್ನು ಕಿತ್ತುಹಾಕಿ ಅಲ್ಲಿ ರೆಡಿಮೇಡ್ ಬಟ್ಟೆ ನೇತುಹಾಕಬೇಕೆಂದು ನಿನ್ನ ಮೈದುನ ಕನಸು ಕಾಣುತ್ತಿದ್ದಾನೆ. ಗುಂಡಿ ಹಚ್ಚಲು ಬಾರದವನಿಗೆ ಕನಸಿಗೇನು ಕಡಿಮೆ. ‘ಅತ್ತಿಗೆ ಬರಲ್ಲಮ್ಮ, ಬೇಕಾದ್ರೆ ಬರೆದಿಟ್ಕೋ’ ಎನ್ನುತ್ತಾನೆ. ಬರೆದಿಡುತ್ತಿದ್ದೇನೆ: ಬರುತ್ತೀ.

ಮೇಜಿನ ಪಕ್ಕದ ನಿನ್ನ ಕುರ್ಚಿ ಖಾಲಿ ಇದೆ. ಯಾರನ್ನೂ ಕೂರಿಸಿಲ್ಲ.

ನಿನ್ನ ಅತ್ತೆ


ಜುಲೈ 9

ಅತ್ತೆಯವರಿಗೆ ನಮಸ್ಕಾರ.

ಭುಜ ತಟ್ಟಿದ್ದು ತಪ್ಪಾಯಿತು. ಕೈ ತಾನಾಗಿ ಹೋಯಿತು.

ನಾನು ಚೆನ್ನಾಗಿದ್ದೇನೆ. ಕೋಣೆ ಸಣ್ಣದು, ಕಿಟಕಿ ದೊಡ್ಡದು. ಇನ್ನಿಬ್ಬರು ಸ್ವಯಂಸೇವಕಿಯರ ಜೊತೆ ಇದ್ದೇನೆ. ಊಟಕ್ಕೆ ಕೊರತೆಯಿಲ್ಲ.

ಶಾಲೆ ಎಂದರೆ ನೀವು ಅಂದುಕೊಂಡಂಥ ಶಾಲೆಯಲ್ಲ. ಹಳೆಯ ಗೋದಾಮು. ತಮ್ಮ ಊರಿನಲ್ಲಿ ಇರಲಾಗದೆ ಹೊರಟು ಬಂದವರು, ಮುಂದಿನ ದೇಶಕ್ಕೆ ಹೋಗಲು ಕಾಗದಪತ್ರಕ್ಕೆ ಕಾಯುವವರು, ಒಳಗೆ ಹಲಗೆಯ ಗೋಡೆ ಕಟ್ಟಿಕೊಂಡು ಇದ್ದಾರೆ. ಒಂದು ಮನೆಯಲ್ಲಿ ಕೆಮ್ಮಿದರೆ ನಾಲ್ಕು ಮನೆಗೆ ಎಚ್ಚರ. ಯಾರನ್ನು ಕೇಳಿದರೂ ‘ಮುಂದಿನ ತಿಂಗಳು ಹೊರಡುತ್ತೇವೆ’ ಎನ್ನುತ್ತಾರೆ. ಅವರು ಹೋಗಬೇಕಾದ ಕಡೆ ಇಂಗ್ಲಿಷ್ ಬೇಕು. ಅದಕ್ಕೇ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲ ದಿನ ‘ನೀನು ಎಲ್ಲಿಯವನು, ನೀನು ಎಲ್ಲಿಯವಳು’ ಎಂದು ಕೇಳುವ ಹಾಡು ಶುರು ಮಾಡಿದೆ. ಯಾರೂ ಬಾಯಿ ತೆರೆಯಲಿಲ್ಲ. ಆ ಹಾಡು ಬಿಟ್ಟೆ. ಎರಡನೆಯ ದಿನ ಕುರ್ಚಿ ಆಟ. ಹಾಡು ನಿಂತಾಗ ಎಲ್ಲರೂ ಕೂರಬೇಕು, ಕುರ್ಚಿ ಸಿಗದವರು ಹೊರಗೆ. ಹೊರಗೆ ಹೋಗಲು ಒಬ್ಬರೂ ಒಪ್ಪಲಿಲ್ಲ. ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರು. ನಾನು ಕುರ್ಚಿ ತೆಗೆಯುತ್ತಾ ಹೋದೆ, ಕೊನೆಗೆ ಒಂದೇ ಕುರ್ಚಿಯ ಮೇಲೆ ಒಂಬತ್ತು ಮಕ್ಕಳು. ಕುರ್ಚಿಯ ಕಾಲು ಮುರಿಯಿತು. ಶಾಲೆ ನಡೆಸುವ ಸಂಚಾಲಕಿ ಓಡಿ ಬಂದು ‘ಇವತ್ತು ಏನು ಕಲಿತರು?’ ಎಂದು ಕೇಳಿದರು. ‘ಸಿಟ್ ಡೌನ್’ ಎಂದೆ.

ಹಾಕಿಕೊಂಡಿರುವುದೆಲ್ಲ ಯಾರೋ ದಾನ ಕೊಟ್ಟ ಬಟ್ಟೆ. ಒಬ್ಬಳ ತೋಳು ಮೊಣಕಾಲಿಗೆ ಬರುತ್ತದೆ. ‘ಕೈ ತೋರಿಸು’ ಎಂದು ಹಾಡಿದರೆ ಕೈ ಹುಡುಕುವುದರಲ್ಲೇ ಅರ್ಧ ಪಾಠ ಮುಗಿಯುತ್ತದೆ.

ನಿಮ್ಮ ಸೊಸೆ


ಆಗಸ್ಟ್ 2

ಸೊಸೆಗೆ,

ತೋಳು ಮೊಣಕಾಲಿಗೆ ಬರುತ್ತದೆ ಎಂದು ಓದಿದ ಮೇಲೆ ನನಗೆ ಊಟ ರುಚಿಸಲಿಲ್ಲ. ಮರುಕದಿಂದಲ್ಲ. ಮರುಗಲು ನಿನ್ನಂಥವರಿದ್ದೀರಿ. ಅಳತೆಯಿಲ್ಲದ ಬಟ್ಟೆಯನ್ನು ನನಗೆ ಸಹಿಸಲಾಗದು.

ಎಲ್ಲ ಮಕ್ಕಳ ಅಳತೆ ಕಳಿಸು. ಮಕ್ಕಳನ್ನು ಕರೆತರಲಾಗದ ತಾಯಂದಿರು ನಮ್ಮ ಅಂಗಡಿಗೆ ಗಂಟು ಹಾಕಿದ ದಾರ ತರುತ್ತಾರಲ್ಲ, ಹಾಗೆ. ಕತ್ತಿನ ಹಿಂದಿನ ಮೂಳೆಯಿಂದ ಶುರು ಮಾಡು. ಭುಜ ಮುಗಿಯುವಲ್ಲಿ ಒಂದು ಗಂಟು, ಮಣಿಕಟ್ಟಿಗೆ ಒಂದು. ಅದೇ ದಾರವನ್ನು ಮತ್ತೆ ಕತ್ತಿನಿಂದ ಬೆನ್ನ ಮೇಲೆ ಇಳಿಬಿಟ್ಟು ಮೊಣಕಾಲಿನ ಕೆಳಗೆ ಮೂರನೆಯದು. ಎದೆಯ ಸುತ್ತಿಗೆ ಬೇರೆ ತುಂಡು. ಟೇಪು ಮುಟ್ಟಬೇಡ. ಟೇಪು ಹಿಡಿದರೆ ನೀನು ಮಗುವಿನ ಮುಖ ನೋಡಿ ನಗುತ್ತಾ ಒಂದು ಇಂಚು ಹೆಚ್ಚು ಓದುತ್ತೀ. ದಾರ ನಗುವುದಿಲ್ಲ.

ಬೇಡ ಎಂದು ಬರೆಯಬೇಡ. ಬಟ್ಟೆ ಆಗಲೇ ತೆಗೆದಿಟ್ಟಿದ್ದೇನೆ, ನೀಲಿ. ಇಪ್ಪತ್ತಾರು ವರ್ಷ ಗುಂಡಿಯ ಕಾಜಾ ಹೊಲಿದು ಹೊಲಿದು ಸ್ವಂತ ಹೆಸರನ್ನೇ ಕಳೆದುಕೊಂಡ ನಮ್ಮ ಕಾಜಾ ಅಕ್ಕ ‘ಅಮ್ಮಾವ್ರೇ, ನೋಡದ ಮಕ್ಕಳಿಗೆ ಹೊಲಿಯೋದು ಹೇಗೆ?’ ಎಂದಳು. ‘ನೀನು ಕಾಜಾ ನೋಡ್ಕೋ, ಮಕ್ಕಳನ್ನ ನಾನು ನೋಡ್ಕೋತೀನಿ’ ಎಂದೆ.

ಅಕ್ಷರ ಓರೆಯಾಗಿದ್ದರೆ ಪೆನ್ನಿನ ದೋಷ.

ನಿನ್ನ ಅತ್ತೆ


ಆಗಸ್ಟ್ 27

ಅತ್ತೆಯವರಿಗೆ ನಮಸ್ಕಾರ.

ಮೂವತ್ತೊಂದು ಮಕ್ಕಳ ದಾರ ಲಕೋಟೆಯಲ್ಲಿದೆ. ಒಂದೊಂದಕ್ಕೂ ಸಂಖ್ಯೆಯ ಚೀಟಿ ಕಟ್ಟಿದ್ದೇನೆ.

ಅಳತೆ ತೆಗೆಯುವುದೇ ಪಾಠವಾಯಿತು. ಇಬ್ಬಿಬ್ಬರ ಜೋಡಿ ಮಾಡಿದೆ, ಒಬ್ಬರು ದಾರ ಹಿಡಿಯುವುದು, ಇನ್ನೊಬ್ಬರು ಗಂಟು ಹಾಕುವುದು. ನೆಕ್, ಶೋಲ್ಡರ್, ರಿಸ್ಟ್, ನೀ. ಲಾಂಗ್, ಲಾಂಗರ್. ನಮ್ಮ ಮೆಷಿನ್ ಓಡುವ ತಾಳಕ್ಕೆ ನಾನೇ ಒಂದು ಹಾಡು ಕಟ್ಟಿದೆ. ಪೆಡಲ್ ತುಳಿದಂತೆ ಎಲ್ಲರೂ ನೆಲ ಕುಟ್ಟುತ್ತಾರೆ. ಹಲಗೆಯ ಆಚೆಯಿಂದ ಒಬ್ಬ ತಾತ ಎದ್ದು ಬಂದು ಬೈದರು. ಬೈದು ಮುಗಿಸಿದ ಮೇಲೆ ಹೋಗಲಿಲ್ಲ. ನಿಂತು ತಾವೂ ಕುಟ್ಟಿದರು.

ಹೊರಡುವಾಗ ಹೇಳುವ ಹಾಡನ್ನು ಕಲಿಸುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಇಲ್ಲಿಂದ ಹೊರಡುವವರು ಹೇಳಿ ಹೊರಡುವುದಿಲ್ಲ. ತರಗತಿಗೆ ಬಂದಾಗ ಅವರ ಜಾಗ ಖಾಲಿ ಇರುತ್ತದೆ, ಅಷ್ಟೆ.

ನಾನು ಚೆನ್ನಾಗಿದ್ದೇನೆ. ಒಂದು ಮಾತು. ನಿಮ್ಮ ಕಾಗದದ ಕೊನೆಯ ಸಾಲುಗಳು ಗೆರೆ ಬಿಟ್ಟು ಕೆಳಗಿಳಿದಿವೆ. ಪೆನ್ನು ಕೆಟ್ಟರೆ ಶಾಯಿ ಹರಡುತ್ತದೆ, ಸಾಲು ಇಳಿಯುವುದಿಲ್ಲ.

ನಿಮ್ಮ ಸೊಸೆ


ಅಕ್ಟೋಬರ್ 6

ಸೊಸೆಗೆ,

ಪಾರ್ಸೆಲ್ ಇವತ್ತು ಹೋಯಿತು. ಮೂವತ್ತೊಂದು ಅಂಗಿ. ಎಲ್ಲವನ್ನೂ ನಾನೇ ಕತ್ತರಿಸಿದೆ. ಶಾಲೆಗಳ ಕೆಲಸ ಒಂದು ವಾರ ಹಿಂದೆ ಬಿತ್ತು, ಬೀಳಲಿ.

ತಾಯಂದಿರಿಗೆ ಒಂದು ವಿಷಯ ಮರೆಯದೆ ಹೇಳು. ಅಂಚಿನಲ್ಲೂ ತೋಳಿನಲ್ಲೂ ಒಳಗೆ ಮೂರು ಬೆರಳಿನ ಮಡಿಕೆ ಬಿಟ್ಟಿದ್ದೇನೆ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಂಡರಾಯಿತು, ಎರಡು ವರ್ಷ ಚಿಂತೆಯಿಲ್ಲ. ಸುಮ್ಮನೆ ಕೊಟ್ಟು ಕೈತೊಳೆದುಕೊಳ್ಳಬೇಡ. ಒಂದು ಅಂಚು ತಿರುಗಿಸಿ, ಬೆರಳಿಟ್ಟು ತೋರಿಸಿ ಹೇಳು. ಈ ಅಂಗಡಿಯ ಹೆಸರು ನಿಂತಿರುವುದೇ ಆ ಮಡಿಕೆಯ ಮೇಲೆ. ರೆಡಿಮೇಡಿನವರು ಬಿಡುವುದು ಅರ್ಧ ಬೆರಳು. ನಿನ್ನ ಮೈದುನನಿಗೆ ಅದನ್ನು ತೋರಿಸಿದರೆ ‘ಈಗ ಯಾರಮ್ಮ ಮಡಿಕೆ ಬಿಚ್ತಾರೆ, ಹೊಸದು ತಗೋತಾರೆ’ ಎಂದ.

ನನಗೆ ಆಯಾಸವಾಗಿದೆ. ವಯಸ್ಸಿನದು. ಬೇರೆ ಏನೂ ಇಲ್ಲ. ಸಾಲಿನ ಮಾತು ಎತ್ತಬೇಡ.

ನಿನ್ನ ಅತ್ತೆ


ನವೆಂಬರ್ 11

ಅತ್ತೆಯವರಿಗೆ ನಮಸ್ಕಾರ.

ಪಾರ್ಸೆಲ್ ತಲುಪಿತು. ಎಲ್ಲರಿಗೂ ಅಳತೆ ಸರಿಯಾಗಿದೆ. ನೀವು ಹೇಳಿದ ಹಾಗೆಯೇ ತೋರಿಸಿ ಹೇಳಿದೆ. ತಾಯಂದಿರು ಥ್ಯಾಂಕ್ಸ್ ಹೇಳಿದ್ದಾರೆ.

ಇಲ್ಲಿ ಚಳಿ ಶುರುವಾಗಿದೆ. ನಾನು ಚೆನ್ನಾಗಿದ್ದೇನೆ.

ನಿಮ್ಮ ಸೊಸೆ


ಡಿಸೆಂಬರ್ 3

ಸೊಸೆಗೆ,

ಮೂವತ್ತೊಂದು ಅಂಗಿಗೆ ಎಂಟು ಸಾಲು. ಲಾಂಡ್ರಿಯವರ ಚೀಟಿಯೂ ಇದಕ್ಕಿಂತ ಉದ್ದವಿರುತ್ತದೆ.

ನಿನಗೆ ಅಲ್ಲಿ ಸಾಕಾಗಿದೆ ಎಂದು ನನಗೆ ಕಾಣುತ್ತದೆ. ಸಾಕಾದರೆ ಬಂದುಬಿಡು. ಮೇ ತನಕ ಕಾಯಬೇಕೆಂದು ನಾನು ಹಟ ಹಿಡಿದಿಲ್ಲ. ಯಾರೂ ನಗುವುದಿಲ್ಲ. ನಿನ್ನ ಮೈದುನ ನಗಬಹುದು, ಅವನ ಬಾಯಿ ನಾನು ಮುಚ್ಚಿಸುತ್ತೇನೆ. ಮಕ್ಕಳಿಗೆ ಆಟ ಆಡಿಸುವವರು ಬೇರೆ ಯಾರಾದರೂ ಸಿಗುತ್ತಾರೆ. ಈ ಮೇಜಿಗೆ ಸಿಗುವುದಿಲ್ಲ.

ಮಕ್ಕಳು ಅಂಗಿ ಹಾಕಿಕೊಂಡಿರುವ ಫೋಟೋ ಕಳಿಸು. ಅಂಗಡಿಯಲ್ಲಿ ಹಾಕಬೇಕು. ಕಾಜಾ ಅಕ್ಕ ದಿನಾ ಕೇಳುತ್ತಾಳೆ, ‘ನಮ್ಮ ಮಕ್ಕಳ ಫೋಟೋ ಬಂತಾ ಅಮ್ಮಾವ್ರೇ?’ ಎಂದು. ಕಾಜಾ ಹೊಲಿದಿದ್ದಕ್ಕೇ ಅವಳ ಮಕ್ಕಳಾಗಿಬಿಟ್ಟವು.

ನಿನ್ನ ಅತ್ತೆ


ಡಿಸೆಂಬರ್ 29

ಅತ್ತೆಯವರಿಗೆ ನಮಸ್ಕಾರ.

ಫೋಟೋ ಕಳಿಸಿದ್ದೇನೆ. ಹಿಂದಿನ ಸಾಲಿನ ತುದಿಯಲ್ಲಿ ನಾನಿದ್ದೇನೆ. ಚಳಿಗೆ ಎಲ್ಲರ ಮುಖವೂ ಹೀಗೆ. ಮಕ್ಕಳು ನಿಮ್ಮ ಅಂಗಿಯನ್ನು ಇಷ್ಟಪಟ್ಟಿದ್ದಾರೆ.

ನಾನು ಚೆನ್ನಾಗಿದ್ದೇನೆ. ಸಾಕಾಗಿಲ್ಲ. ದಣಿವಾಗಿದೆ. ಎರಡೂ ಒಂದೇ ಅಲ್ಲ ಅತ್ತೆ.

ನಿಮ್ಮ ಸೊಸೆ


ಜನವರಿ 20

ಸೊಸೆಗೆ,

ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಮುಂದಿನ ಸಾಲಿನಲ್ಲಿ ಹನ್ನೊಂದು ಮಕ್ಕಳು. ಹನ್ನೊಂದರಲ್ಲಿ ಒಂದು ಅಂಗಿಗೂ ಅಂಚಿನ ಹೊಲಿಗೆಯ ಗೆರೆ ಇಲ್ಲ. ನೂಲು ಜೋತಾಡುತ್ತಿದೆ. ಬಿಚ್ಚಿ ಇಳಿಸಿದ್ದಲ್ಲ, ಕತ್ತರಿಸಿದ್ದು.

ನನ್ನ ಮಡಿಕೆಯನ್ನು ಕತ್ತರಿಸಿದವರು ಯಾರು? ನೀನು ನೋಡುತ್ತಾ ನಿಂತಿದ್ದೆಯಾ? ಮೂವತ್ತೆಂಟು ವರ್ಷದಲ್ಲಿ ನನ್ನ ಬಟ್ಟೆಗೆ ಹೀಗೆ ಯಾರೂ ಮಾಡಿಲ್ಲ. ಬೇಡವಾಗಿದ್ದರೆ ವಾಪಸ್ಸು ಕಳಿಸಬೇಕಿತ್ತು. ಎಲ್ಲರಿಗೂ ಅಳತೆ ಸರಿಯಾಗಿದೆ ಎಂದು ಬರೆದೆಯಲ್ಲ.

ಫೋಟೋವನ್ನು ಅಂಗಡಿಯಲ್ಲಿ ಹಾಕಿಲ್ಲ.

ಅತ್ತೆ


ಫೆಬ್ರವರಿ 13

ಅತ್ತೆಯವರಿಗೆ ನಮಸ್ಕಾರ.

ನಡೆದದ್ದನ್ನು ಬರೆಯುತ್ತೇನೆ. ಮೊದಲೇ ಬರೆಯಬೇಕಿತ್ತು.

ಪಾರ್ಸೆಲ್ ಬಂದ ದಿನ ಮಕ್ಕಳು ನೀಲಿ ಅಂಗಿ ಹಾಕಿಕೊಂಡು ಗೋದಾಮಿನ ಉದ್ದಕ್ಕೂ ಓಡಿದರು. ತಾಯಂದಿರು ನಗುತ್ತಿದ್ದರು. ನಾನು ನಿಮ್ಮ ಕಾಗದ ಹಿಡಿದು, ಒಂದು ಮಗುವಿನ ಅಂಚು ತಿರುಗಿಸಿ, ಮೂರು ಬೆರಳಿಟ್ಟು ತೋರಿಸಿದೆ. ಅವರ ಭಾಷೆ ನನಗೆ ಬಾರದು, ಇಲ್ಲಿಯ ಅಡುಗೆಯಾಕೆಗೆ ಬರುತ್ತದೆ. ‘ಎರಡು ವರ್ಷ ಚಿಂತೆಯಿಲ್ಲ ಎಂದು ಹೇಳಿ’ ಎಂದೆ. ಆಕೆ ನನ್ನ ಮುಖ ನೋಡಿದಳು.

‘ಹೇಳಲೇಬೇಕಾ?’

‘ಹೇಳಿ’ ಎಂದೆ. ಹೇಳಿದಳು.

ಒಬ್ಬ ತಾಯಿ ಮುಂದೆ ಬಂದು ತನ್ನ ಮಗಳ ಅಂಚನ್ನು ತಾನೇ ತಿರುಗಿಸಿ ನೋಡಿದಳು. ಅವಳು ಹೇಳಿದ್ದನ್ನು ಅಡುಗೆಯಾಕೆ ಆಮೇಲೆ ನನಗೆ ತಿಳಿಸಿದಳು.

‘ಎರಡು ವರ್ಷ ಅಂತ ಇವಳಿಗೆ ಯಾರು ಹೇಳಿದ್ರು? ಕಾಗದಪತ್ರದ ಆಫೀಸಿನವರಾ?’

‘ಆಫೀಸಿನವರಲ್ಲ, ಇದು ಬಟ್ಟೆಯ ಮಾತು’ ಎಂದು ಅಡುಗೆಯಾಕೆ ಸಮಾಧಾನ ಮಾಡಿದಳು.

‘ಬಟ್ಟೆ ಹೊಲಿದವರಿಗೂ ಗೊತ್ತಾಗಿದೆ, ನಮಗೆ ಮಾತ್ರ ಯಾರೂ ಹೇಳಿಲ್ಲ. ನಾವು ಮುಂದಿನ ತಿಂಗಳು ಹೊರಡುವವರು. ಇವಳಿಗೆ ಹೇಳು.’

ಆ ಸಂಜೆ ಅಡುಗೆಮನೆಯ ಕತ್ತರಿ ಮನೆಯಿಂದ ಮನೆಗೆ ಹೋಯಿತು. ಕತ್ತರಿಸಿದ ನೀಲಿ ಪಟ್ಟಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಯಾರೂ ಬೈಯಲಿಲ್ಲ. ಒಬ್ಬಳು ಅಂಗಿಯನ್ನೇ ಮಡಿಚಿ ತಂದುಕೊಟ್ಟು ‘ಥ್ಯಾಂಕ್ ಯೂ’ ಎಂದಳು. ಅವಳ ಮಗಳಿಗೆ ನಾನೇ ಕಲಿಸಿದ ಮಾತು. ಆಮೇಲೆ ಒಂದು ವಾರ ತರಗತಿಗೆ ಬಂದದ್ದು ಆರು ಮಕ್ಕಳು.

ನೀವು ಹೇಳು ಎಂದಿರಿ, ನಾನು ಹೇಳಿದೆ. ಆಗಲೇ ಐದು ತಿಂಗಳು ಅವರ ನಡುವೆ ಇದ್ದವಳು ನಾನು. ಬೇಡ ಎಂದು ನನಗೆ ತೋಚಬೇಕಿತ್ತು. ನಿಮ್ಮ ಮಾತನ್ನು ಹಾಗೆಯೇ ಒಪ್ಪಿಸುವುದು ನನಗೆ ರೂಢಿ.

ಇನ್ನೊಂದು ವಿಷಯ. ನನ್ನ ಮೇಲೆ ಸಿಟ್ಟಾಗಿದ್ದೀರಿ, ಇದಕ್ಕೂ ಆಗಿ. ಹೊಲಿಯುವ ಮೊದಲು ಆ ಅಂಗಿಗಳ ಬಟ್ಟೆ ಕತ್ತರಿಸಿದ್ದು ನೀವಲ್ಲ. ಕಂಕುಳ ತಿರುವಿನಲ್ಲಿ ನಿಮ್ಮ ಕತ್ತರಿ ಒಂದೇ ಉಸಿರಿಗೆ ತಿರುಗುತ್ತದೆ. ಇಲ್ಲಿ ಎರಡು ಸಲ ನಿಂತು ಹೊರಟಿದೆ. ನಿಮ್ಮ ಕೈಗೆ ಏನಾಗಿದೆ?

ನಾನು ಚೆನ್ನಾಗಿದ್ದೇನೆ.

ನಿಮ್ಮ ಸೊಸೆ


ಮಾರ್ಚ್ 27

ಅತ್ತೆಯವರಿಗೆ ನಮಸ್ಕಾರ.

ಆರು ವಾರದಿಂದ ನಿಮ್ಮ ಕಾಗದವಿಲ್ಲ. ಮೈದುನನಿಗೆ ಫೋನ್ ಮಾಡಿದೆ. ‘ಅಮ್ಮ ಚೆನ್ನಾಗೇ ಇದ್ದಾಳೆ ಅತ್ತಿಗೆ, ಬೈತಾ ಇದ್ದಾಳೆ’ ಎಂದ. ಕೈಯ ವಿಷಯ ಕೇಳಿದರೆ ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದು ಇಟ್ಟುಬಿಟ್ಟ.

ಇನ್ನೊಂದು ವರ್ಷ ಇರುತ್ತೀರಾ ಎಂದು ಸಂಚಾಲಕಿ ಕೇಳಿದರು. ಇಲ್ಲ ಎಂದೆ. ಮೇ 20ಕ್ಕೆ ಹೊರಡುತ್ತೇನೆ. ನನ್ನ ಕುರ್ಚಿಯ ಧೂಳು ಒರೆಸಿಡಲು ಕಾಜಾ ಅಕ್ಕನಿಗೆ ಹೇಳಿ.

ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಮಕ್ಕಳು ಹೋದರು. ಏಳು ಉಳಿದಿದ್ದಾರೆ. ಹೊಸಬರು ಹದಿನೇಳು ಬಂದಿದ್ದಾರೆ, ಅವರಿಗೆ ಮೊದಲಿನಿಂದ ಶುರು. ಅದೇ ಹಾಡು, ಅದೇ ಕುರ್ಚಿ. ಹೇಳಿಕೊಟ್ಟದ್ದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಸಂಜೆ ಕೋಣೆಗೆ ಬಂದು ಶೂ ಬಿಚ್ಚಲೂ ಆಗದೆ ಕೂತಿರುತ್ತೇನೆ. ಆದರೆ ಮೊನ್ನೆ ನಾನು ಹೋಗುವುದು ತಡವಾಗಿತ್ತು. ಬಾಗಿಲಲ್ಲಿ ನಿಂತು ಕೇಳಿದೆ, ಒಳಗಿನಿಂದ ಮೆಷಿನ್ ತುಳಿಯುವ ತಾಳ. ಹಳೆಯ ಏಳು ಮಕ್ಕಳು ಹೊಸಬರಿಗೆ ದಾರ ಹಿಡಿದು ನೆಕ್, ಶೋಲ್ಡರ್ ಹೇಳಿಕೊಡುತ್ತಿದ್ದರು. ನಾನು ಒಳಗೆ ಹೋಗದೆ ಅಲ್ಲೇ ನಿಂತೆ. ಅವತ್ತಿನ ಪಾಠ ಅವರದ್ದೇ.

ಅವರು ತೆಗೆದ ದಾರ, ಇಪ್ಪತ್ತನಾಲ್ಕು, ಇದರ ಜೊತೆಗಿವೆ. ಹೊಲಿಯಲಿಕ್ಕಲ್ಲ. ನಿಮ್ಮ ಹಾಡಿನ ದಾರ ಎಂದು ಕಳಿಸಿದ್ದಾರೆ. ಕಾಗದ ಬರೆಯುವ ಅಜ್ಜಿ ನೀವು ಎಂದು ಅವರಿಗೆ ಗೊತ್ತು.

ಅಂದು ಮುಂದೆ ಬಂದು ಕೇಳಿದ ಆ ತಾಯಿ ಇನ್ನೂ ಇಲ್ಲೇ ಇದ್ದಾಳೆ. ಹೋದ ವಾರ ಒಬ್ಬಳೇ ಬಂದು ಮಗಳ ಅಂಗಿ ಗಿಡ್ಡವಾಗಿದೆ ಎಂದು ಕೈಸನ್ನೆ ಮಾಡಿದಳು. ಪಟ್ಟಿಗಳನ್ನು ನಾನು ಮಂಚದ ಕೆಳಗೆ ಇಟ್ಟಿದ್ದೆ. ಇಬ್ಬರೂ ಕೂತು ಕೈಯಲ್ಲೇ ಹೊಲಿದು ಜೋಡಿಸಿದೆವು.

ನಾನು ಚೆನ್ನಾಗಿದ್ದೇನೆ. ಮೇ 20.

ನಿಮ್ಮ ಸೊಸೆ


ಏಪ್ರಿಲ್ 28

ಸೊಸೆಗೆ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಎರಡು ದಿನ ಹಿಡಿಯುತ್ತದೆ. ಬಲಗೈ ನಡುಗುತ್ತದೆ. ನೀನು ಬಸ್ಸು ಹತ್ತುವ ಮೊದಲೇ ಶುರುವಾಗಿತ್ತು. ಅವತ್ತು ನೀನು ಭುಜ ತಟ್ಟಿದಾಗ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಡಾಕ್ಟರ ಗುಳಿಗೆ ನುಂಗಿದರೆ ಕೈ ನಿಲ್ಲುತ್ತದೆ, ತಲೆ ತಿರುಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುತ್ತಾರೆ.

ಮೂವತ್ತೊಂದನ್ನೂ ಕತ್ತರಿಸಿದ್ದು ಕಾಜಾ ಅಕ್ಕ. ನಾನು ಪಕ್ಕದಲ್ಲಿ ನಿಂತು ಬೈದೆ, ಅಷ್ಟೆ. ಕಾಗದದಲ್ಲಿ ಸುಳ್ಳು ಹೇಳುವುದು ಕಷ್ಟ ಎಂದಿದ್ದೆ. ಅಷ್ಟೇನೂ ಕಷ್ಟವಾಗಲಿಲ್ಲ. ನಿನಗೂ ಆಗಿಲ್ಲ ಎಂದು ಕಾಣುತ್ತದೆ.

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕೈ ಕಾರಣವಲ್ಲ, ಸಿಟ್ಟು. ಮೊದಲು ಆ ತಾಯಂದಿರ ಮೇಲೆ, ಆಮೇಲೆ ನಿನ್ನ ಮೇಲೆ. ಆಮೇಲೆ ಯಾರ ಮೇಲೆ ಎಂದು ಗೊತ್ತಾಗದೆ ನಿನ್ನ ಮೈದುನನನ್ನು ಬೈದೆ.

ಈ ಮನೆಗೆ ಬಂದಾಗ ನನಗೆ ಹದಿನೇಳು. ಹೈಸ್ಕೂಲಿನ ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಪಾಸಾದರೆ ಕಾಲೇಜಿಗೆ ಕಳಿಸುತ್ತೇವೆ ಎಂದಿದ್ದರು. ಮೊದಲ ವಾರವೇ ನನ್ನ ಅತ್ತೆ ಆರು ರವಿಕೆ ಹೊಲಿದುಕೊಟ್ಟರು. ಒಳ್ಳೆಯ ಬಟ್ಟೆ. ತಿರುಗಿಸಿ ನೋಡಿದೆ. ಪಕ್ಕದ ಹೊಲಿಗೆಯ ಒಳಗೆ ಎರಡೂ ಕಡೆ ಮೂರು ಬೆರಳು ಬಟ್ಟೆ ಮಡಿಚಿತ್ತು. ‘ಹೆರಿಗೆಗಳಾದ ಮೇಲೆ ಬಿಚ್ಚಿಕೊಂಡರಾಯಿತು, ಹತ್ತು ವರ್ಷ ಚಿಂತೆಯಿಲ್ಲ’ ಎಂದರು. ಪ್ರೀತಿಯಿಂದಲೇ ಹೇಳಿದರು. ಫಲಿತಾಂಶ ಬಂತು, ಪಾಸಾಗಿದ್ದೆ. ಕಾಲೇಜಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರವಿಕೆ ಆಗಲೇ ಹೇಳಿಯಾಗಿತ್ತು. ಆ ಹೆಂಗಸರು ಕತ್ತರಿ ಹುಡುಕಿದರು. ನನಗೆ ಆ ವಯಸ್ಸಿನಲ್ಲಿ ತೋಚಲಿಲ್ಲ. ಆಮೇಲೆ ಕತ್ತರಿ ಹಿಡಿದದ್ದು ನಾನೇ, ಬಿಟ್ಟದ್ದು ಅದೇ ಮೂರು ಬೆರಳು.

ಮಗ ಹೋದ ವಾರ, ಕತ್ತರಿ ನಿನ್ನ ಕೈಗೇ ಎಂದೆನಲ್ಲ. ನಿನಗೆ ದೊಡ್ಡದೇನೋ ಕೊಟ್ಟೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಬೇಕಾ ಎಂದು ಕೇಳಿರಲಿಲ್ಲ. ನೀನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನು ಒಪ್ಪಿಗೆ ಎಂದುಕೊಂಡೆ.

ನೀನು ಕಳಿಸಿದ ದಾರಗಳಲ್ಲಿ ಹಳೆಯ ಏಳನ್ನು ಚೀಟಿ ನೋಡಿ ಬೇರೆ ಮಾಡಿದೆ. ಹಿಂದಿನವು ಮೊಳೆಗೆ ನೇತುಹಾಕಿದಲ್ಲೇ ಇದ್ದವು. ಪಕ್ಕದಲ್ಲಿಟ್ಟು ನೋಡಿದೆವು. ಒಂದು ಮಗು ಒಂದು ಬೆರಳು ಬೆಳೆದಿದೆ, ಒಂದು ಒಂದೂವರೆ. ಹದಿನಾಲ್ಕನೆಯ ಸಂಖ್ಯೆಯವಳು ಎರಡು ಬೆರಳು. ಕಾಜಾ ಅಕ್ಕ ಕಣ್ಣೊರೆಸಿಕೊಂಡು ‘ನಿಮ್ಮ ಮಡಿಕೆ ಸರಿಯಾಗೇ ಇತ್ತು ಅಮ್ಮಾವ್ರೇ’ ಎಂದಳು. ಮಡಿಕೆ ಸರಿಯಾಗಿತ್ತು. ಅದನ್ನು ಅವರಿಗೆ ತೋರಿಸುವ ಹಕ್ಕು ನಮ್ಮದಾಗಿರಲಿಲ್ಲ. ನೀನು ಪಟ್ಟಿಗಳನ್ನು ಎಸೆಯದೆ ಇಟ್ಟದ್ದು ಒಳ್ಳೆಯದಾಯಿತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಹೋದ ಸೋಮವಾರ ಮೆಷಿನ್ ಎಲ್ಲ ನಿಲ್ಲಿಸಿ, ಎಲ್ಲರ ಎದುರಿಗೆ ದೊಡ್ಡ ಕತ್ತರಿಯನ್ನು ಕಾಜಾ ಅಕ್ಕನ ಮುಂದಿಟ್ಟೆ. ಬೇಕಾ ಎಂದು ಕೇಳಿದೆ. ಈ ಸಲ ಕೇಳಿದೆ.

‘ಅಮ್ಮಾವ್ರೇ, ಅದು ಸೊಸೆಯಮ್ಮನ ಜಾಗ. ಜನ ಏನಂತಾರೆ?’

‘ಕಾಜಾ ಅಕ್ಕ ಅಂತಾರೆ. ಇನ್ನೇನಂತಾರೆ? ನಿನಗೆ ಬೇಕಾ, ಬೇಡವಾ?’

ಕೈಯಲ್ಲಿದ್ದ ಬಾಬಿನ್ ಮೇಜಿನ ಮೇಲಿಟ್ಟಳು. ಆಮೇಲೆ ‘ಬೇಕು’ ಎಂದಳು. ‘ಹತ್ತು ವರ್ಷದಿಂದ ಬೇಕಿತ್ತು’ ಎಂದೂ ಸೇರಿಸಿದಳು. ಅಷ್ಟು ಬೇಡವಿತ್ತು, ಆದರೂ ಹೇಳಿದಳು.

ನಿನ್ನ ಮೈದುನ ‘ಮನೆಯವರನ್ನು ಬಿಟ್ಟು ಹೊರಗಿನವರಿಗಾ?’ ಎಂದು ಕೂಗಾಡಿದ. ಇಪ್ಪತ್ತಾರು ವರ್ಷ ಒಳಗೆ ಕೂತವಳು ಹೊರಗಿನವಳು ಹೇಗಾಗುತ್ತಾಳೆ ಎಂದು ಕೇಳಿದೆ. ಈಗ ಅವನು ಶಾಲೆಗಳಿಗೆ ಗಂಟು ಹೊತ್ತುಕೊಂಡು ಹೋಗುತ್ತಾನೆ. ಮುಖ ಊದಿಸಿಕೊಂಡಾದರೂ ಹೋಗುತ್ತಾನೆ.

ಇಪ್ಪತ್ತನಾಲ್ಕು ಅಂಗಿ ಹೊಲಿದು ಕಳಿಸಿದ್ದೇವೆ. ಅಂಚಿನಲ್ಲಿ ಮಡಿಕೆಯಿಲ್ಲ, ತೋಳಿನಲ್ಲೂ ಇಲ್ಲ. ಇವತ್ತಿನ ಅಳತೆಗೆ ಇವತ್ತಿನ ಬಟ್ಟೆ. ಉಳಿದ ನೀಲಿ ಬಟ್ಟೆಯನ್ನು ಪಟ್ಟಿ ಮಾಡಿ ಬೇರೆ ಸುತ್ತಿಟ್ಟಿದ್ದೇವೆ. ಅದನ್ನು ಯಾರಿಗೂ ತೋರಿಸಬೇಡ. ಯಾರಾದರೂ ತಾವಾಗಿ ಬಂದು ಕೇಳಿದರೆ ತೆಗೆದುಕೊಡು. ಯಾರೂ ಕೇಳದಿದ್ದರೆ ಒಳ್ಳೆಯದೇ.

ನೀನು ಸಂಚಾಲಕಿಗೆ ಇಲ್ಲ ಎಂದದ್ದು ನನ್ನ ಕೈಗಾಗಿ. ಅಲ್ಲಿರುವ ಮನಸ್ಸಿಲ್ಲದಿದ್ದರೆ, ಶೂ ಬಿಚ್ಚಲಾಗದಷ್ಟು ದಣಿದವಳು ಬಾಗಿಲಲ್ಲಿ ನಿಂತು ಕೇಳಿದ್ದನ್ನು ಅಷ್ಟುದ್ದ ಬರೆಯುವುದಿಲ್ಲ. ಆ ಉತ್ತರವನ್ನು ಬದಲಿಸುತ್ತೀಯೋ ಹಾಗೇ ಬಿಡುತ್ತೀಯೋ ನಿನ್ನ ಕೆಲಸ. ಸಂಚಾಲಕಿಗೆ ನಾನೇ ಬರೆಯೋಣವೆಂದು ಕಾಗದ ತೆಗೆದಿದ್ದೆ. ಮತ್ತೆ ಒಳಗಿಟ್ಟೆ.

ಮನೆಗೆ ಬಂದರೆ ನಿನ್ನ ಕೋಣೆ ಇದೆ, ಊಟವಿದೆ, ನಾನಿದ್ದೇನೆ. ಅಂಗಡಿಯಲ್ಲಿ ಕೆಲಸ ಬೇಕಿದ್ದರೆ ಕಾಜಾ ಅಕ್ಕನನ್ನು ಕೇಳಬೇಕಾಗುತ್ತದೆ.

ಪಾರ್ಸೆಲಿನ ತಳದಲ್ಲಿ ಒಂದು ಕೋಟು ಇದೆ, ನಿನಗೆ. ಹಳೆಯ ಅಳತೆಗಿಂತ ಎರಡು ಇಂಚು ಕಡಿಮೆ ಮಾಡಿಸಿದ್ದೇನೆ. ಫೋಟೋದಲ್ಲಿ ನಿನ್ನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಪ್ರತಿ ಕಾಗದದಲ್ಲೂ ಚೆನ್ನಾಗಿದ್ದೇನೆ ಎಂದು ಬರೆದಿದ್ದೀ. ಕೋಟಿನ ಹೊಲಿಗೆಯ ಒಳಗೂ ಏನೂ ಮಡಿಚಿಲ್ಲ. ಉಳಿದ ತುಂಡನ್ನು ಜೇಬಿನಲ್ಲಿಟ್ಟಿದ್ದೇನೆ.

ಪಾರ್ಸೆಲ್ ಮೊನ್ನೆ ಹೋಯಿತು. ನಿನ್ನ ಕುರ್ಚಿಯಲ್ಲಿ ಕಾಜಾ ಅಕ್ಕ ಕೂತು ಎಂಟು ದಿನವಾಯಿತು.

ಅತ್ತೆ